ಜೀನು

"ನಿಮ್ಮ ಜೀನುಗಳನ್ನ ಓದಬೇಕು" ಎಂದಳು ಸಫಿಯಾ ಡಾಕ್ಟರು.
ಕೌಲ್ ಬಜಾರಿನ ದರ್ಜಿ ನಾನು, ನಕ್ಕುಬಿಟ್ಟೆ.
ಮುತ್ತಜ್ಜ ದಂಡಿನ ಕುದುರೆಗಳಿಗೆ ಜೀನು ಹೊಲಿದವನು,
ಅಪ್ಪ ಹತ್ತಿ ಜಿನ್ನಿನಲ್ಲಿ ಹಮಾಲಿ,
ನಾನು ಜೀನ್ಸಿಗೆ ಜಿಪ್ಪು ಕೂರಿಸುವವನು.
ಇನ್ಯಾವ ಜೀನು ತಾಯಿ ಉಳಿದಿರೋದು?

"ಒಳಗಿಂದು" ಎಂದಳು.
ಗುಳಿಗೆ ಶುರುವಾಗೋಕೆ ಮುಂಚೆ ಒಂದು ಶೀಸೆ ರಕ್ತ,
ಮುಗಿದ ಮೇಲೆ ಒಂದು ಶೀಸೆ.
ಸಹಿ ಹಾಕಿದೆ.

ಅವಳು ಹೇಳಿದ್ದನ್ನ ನನ್ನ ಭಾಷೆಗೆ ಕತ್ತರಿಸಿಕೊಂಡೆ:
ಎಲ್ಲ ಫರ್ಮಾಗಳೂ ಮೊಳೆಗೆ ತೂಗಿರುತ್ತವೆ ಪ್ರತಿ ಅಂಗಡಿಯಲ್ಲೂ,
ಇವತ್ತು ಯಾವುದು ಕೆಳಗಿಳಿಯಿತು, ಎಷ್ಟು ಹೊಲಿದರು,
ಅದಷ್ಟೇ ಲೆಕ್ಕ.
ನನ್ನ ಲಿವರಿನಲ್ಲಿ ಇಪ್ಪತ್ತೆಂಟು ವರ್ಷದಿಂದ
ಕಾವಲುಗಾರರ ಅಂಗಿಯ ಫರ್ಮಾ ಇಳಿದದ್ದು ಮತ್ತೆ ಮೇಲೇರಿಲ್ಲ.
ಹಗಲೂ ರಾತ್ರಿ ಕಾವಲುಗಾರರ ಅಂಗಿ, ಕಾವಲುಗಾರರ ಅಂಗಿ.
ಕಳ್ಳನೋ ಗೋಡೆ ಹಾರಿ ಓಡಿದವನಲ್ಲ,
ಮಷೀನಿನ ಪಕ್ಕದಲ್ಲೇ ಕೂತು
ನನ್ನದೇ ದಾರದಲ್ಲಿ ತನ್ನಂಥವರನ್ನು ಹೊಲಿಸಿಕೊಳ್ಳುತ್ತಿದ್ದ.
ಮಧ್ಯಾಹ್ನ ಮೂರಕ್ಕೇ ಮೈ ಯಾಕೆ ಸೋಲುತ್ತಿತ್ತು ಈಗ ತಿಳಿಯಿತು:
ಒಳಗೊಂದು ಕಾರ್ಖಾನೆ ಓವರ್‌ಟೈಮ್ ಓಡುತ್ತಿತ್ತು,
ಕೂಲಿ ನನ್ನ ತಲೆ ಮೇಲೆ.

ನನಗೂ ಅಣ್ಣ ದತ್ತೋಬನಿಗೂ ಒಂದೇ ಸಂಜೆ ಜ್ವರ, ಒಂದೇ ಸೂಜಿ.
ಸಿರಿಂಜು ಕುದಿಸೋ ಡಬ್ಬಿ ಇತ್ತು ಆರೆಂಪಿಯ ಹತ್ತಿರ.
ಅವತ್ತು ಸ್ಟೌವಿಗೆ ಸೀಮೆಎಣ್ಣೆ ಇರಲಿಲ್ಲ.
ಸೂಜಿಯಿಂದಲೇ ಅನ್ನ ತಿಂದವರು
ಸೂಜಿಯ ಮೇಲೆ ಎಷ್ಟಂತ ಸಿಟ್ಟಾಗೋದು.

ಅಣ್ಣನ ಕಾಲಕ್ಕೆ ಗುಳಿಗೆ ಬಂದಿರಲಿಲ್ಲ.
ವಾರಕ್ಕೊಂದು ಇಂಜೆಕ್ಷನ್, ಪ್ರತಿ ಶುಕ್ರವಾರ ಗಡಗಡ ಚಳಿ,
ಬಾಚಣಿಗೆ ತುಂಬ ಕೂದಲು, ವೈನಿಯ ಬೋಳು ಕೈ.
ಅದೂ ಕಾವಲುಗಾರರನ್ನ ಕೂಗಿ ಎಬ್ಬಿಸೋ ಮದ್ದೇ ಅಂತೆ.
ಅವರು ಎದ್ದೇ ಇದ್ದರು.
ಕೂಗಿ ಕೂಗಿ ಕಿವುಡಾದ ಓಣಿಯಲ್ಲಿ
ಇನ್ನೊಂದು ತಮಟೆ ಯಾರಿಗೆ ಕೇಳಿಸಬೇಕು?
"ಆಗ ನಮಗಿದು ಗೊತ್ತಿರಲಿಲ್ಲ" ಎಂದಳು ಸಫಿಯಾ,
ಆಗ ಅವಳು ಆರನೇ ಕ್ಲಾಸು.
ಆದರೂ "ನಮಗೆ" ಎಂದಳು.

ನನಗೆ ದಿನಕ್ಕೊಂದು ಗುಳಿಗೆ, ಹನ್ನೆರಡು ವಾರ.
ಚಳಿಯಿಲ್ಲ, ಕೂಗಿಲ್ಲ. ಕಳ್ಳನ ಕತ್ತರಿಯನ್ನೇ
ಯಾರೋ ಮೆಲ್ಲಗೆ ಎತ್ತಿಟ್ಟ ಹಾಗೆ.

ಎರಡನೇ ಶೀಸೆಯ ಫಲ ಕಂಪ್ಯೂಟರಿನಲ್ಲಿ ತೋರಿಸಿದಳು:
ಚೌಕಳಿ ಚೌಕಳಿ ಬಟ್ಟೆ, ಲುಂಗಿಯ ಹಾಗೆ.
ಮೊದಲಿನದು ಕೆಂಪೋ ಕೆಂಪು. ಈಗಿನದು ನೀಲಿ.
ನೀಲಿ ನನಗೆ ಗೊತ್ತು ತಾಯಿ.
ಉಗುರಿನ ಸಂದಿಯಲ್ಲಿ ಮೂವತ್ತು ವರ್ಷದಿಂದ ಅದೇ ನೀಲಿ.
ಇದು ಕಡುನೀಲಿಯಲ್ಲ,
ಮೂರು ಸಲ ವಾಷಿಂಗಿಗೆ ಹೋಗಿ ಬಂದದ್ದು.

ಮೂಲೆಯಲ್ಲಿ ನಾಲ್ಕಾರು ಕೆಂಪು ಚೌಕ.
"ಇವು?"
ತಡೆದು ಹೇಳಿದಳು: "ವೈರಸ್ ಹೋಗಿದೆ.
ಇವು ಇನ್ನೂ ಮಲಗಿಲ್ಲ. ಯಾಕಂತ ನಮಗೂ ಪೂರ್ತಿ ಗೊತ್ತಿಲ್ಲ."

ಹುಡುಗ ಉದ್ದವಾದ, ಪ್ಯಾಂಟು ಗಿಡ್ಡವಾಯಿತು, ಮಡಿಕೆ ಬಿಚ್ಚಿಕೊಡು
ಅಂತ ಜೂನ್ ತಿಂಗಳಲ್ಲಿ ತಾಯಂದಿರು ಬರುತ್ತಾರೆ.
ದಾರ ಎಳೆದರೆ ಸರ್ರನೆ ಬಂತು,
ತೂತುಗಳು ಮಾತ್ರ ಸಾಲಾಗಿ ಕೂತಿರುತ್ತವೆ.
ಮಡಿಕೆಯಿದ್ದ ಕಡೆ ಬಳ್ಳಾರಿಯ ಬಿಸಿಲನ್ನೇ ಕಾಣದ
ಒಂದು ಕಡುನೀಲಿ ಪಟ್ಟಿ.
ಒಗೆದರೆ ಹೋಗುತ್ತಾ ಅಂತ ಕೇಳುತ್ತಾರೆ. ನಾನು
ಹೂಂ ಅಂತಲೂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ.

"ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗಿಗೆ ಬರಬೇಕು, ತಪ್ಪಿಸಬೇಡಿ."
ಬರ್ತೀನಿ ಎಂದೆ.

ಅಂಗಡಿಗೆ ಬಂದೆ. ಗುಡ್ಡದ ಬಂಡೆಗಳು ಕಾದು ಬೆಳ್ಳಗಾಗಿದ್ದವು.
ಅಣ್ಣನ ಮಷೀನಿಗೆ ಮುಸುಕು ಹಾಕಿದ್ದು ಹಾಗೇ ಇದೆ.
ಮೂರು ಹೊಡೆಯಿತು, ಸೋಲು ಬರಲಿಲ್ಲ.
ಇನ್ನೇನು ಬರುತ್ತೆ ಅಂತ ಕಾದೆ.
ಆಮೇಲೆ, ಬರದಿದ್ದರೂ,
ಮೇಜಿನ ಮೇಲೆ ಅದೇ ಜಾಗದಲ್ಲಿ
ತಲೆಯಿಟ್ಟೆ.